ರೋಬಾಟ್ ಪ್ರಾಜೆಕ್ಟ್: ಓಡಿಸುವುದರ ಜೊತೆಗೆ ಅಳೆಯುವುದು ಹೇಗೆ?

ಪ್ರಾಜೆಕ್ಟ್ ಡೆಮೊ ನಡೆಯುವ ದಿನ ರೋಬಾಟಿಕ್ಸ್ ಲ್ಯಾಬಿಗೆ ಹೋದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸರ್, ಈಗ ತಾನೇ ಸರಿಯಾಗಿ ಓಡ್ತಾ ಇತ್ತು." ಹುಡುಗರು ಸುಳ್ಳು ಹೇಳುತ್ತಿರುವುದಿಲ್ಲ. ನಿಜಕ್ಕೂ ಓಡಿರುತ್ತದೆ. ಹತ್ತು ಸಲ ಬಿಟ್ಟರೆ ಎಷ್ಟು ಸಲ ಸರಿಯಾಗಿ ಓಡುತ್ತದೆ ಅಂತ ಮಾತ್ರ ಯಾರೂ ಎಣಿಸಿರುವುದಿಲ್ಲ.

ರೋಬಾಟಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಎಂಜಿನಿಯರಿಂಗ್ ಡಿಸೈನ್ ಮೂರನ್ನೂ ಬೇರೆ ಬೇರೆ ಸೆಮಿಸ್ಟರಿನಲ್ಲಿ, ಬೇರೆ ಬೇರೆ ಮೇಷ್ಟ್ರ ಹತ್ತಿರ ಓದುತ್ತೇವೆ. ಪರೀಕ್ಷೆ ಮುಗಿದ ಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸಿಬಿಡುತ್ತದೆ. ಪ್ರಾಜೆಕ್ಟಿಗೆ ಕೈ ಹಾಕಿದಾಗ ಮೂರೂ ಒಟ್ಟಿಗೇ ಬೇಕಾಗುತ್ತವೆ. ರೋಬಾಟ್ ಒಂದು ಸಲ ಓಡಿದ್ದು ವಿಡಿಯೊಗೆ ಸಾಕು, ರಿಪೋರ್ಟಿಗೆ ಸಾಲದು. ಅಳತೆಯ ಯೋಚನೆ ಮೊದಲ ವಾರದಲ್ಲೇ ಶುರುವಾಗಬೇಕು. ಕೊನೆಯ ವಾರದಲ್ಲಿ ತಂದು ಅಂಟಿಸುತ್ತೇವೆ ಅಂದರೆ ಅಂಟುವುದಿಲ್ಲ.

ಉದಾಹರಣೆಗೆ ಒಂದೇ ರೋಬಾಟನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ಎಡಕ್ಕೊಂದು ಬಲಕ್ಕೊಂದು ಮೋಟಾರ್ ಗಾಲಿ, ಹಿಂದೆ ಒಂದು ಕ್ಯಾಸ್ಟರ್ (ಎತ್ತ ಬೇಕಾದರೂ ಹೊರಳುವ ಪುಟ್ಟ ಗಾಲಿ), ಗಾಲಿ ಎಷ್ಟು ತಿರುಗಿತು ಅಂತ ಎಣಿಸುವ ಎನ್‌ಕೋಡರ್, ಜೊತೆಗೆ ರೋಬಾಟ್ ಎಷ್ಟು ಬೇಗ ತಿರುಗುತ್ತಿದೆ ಅಂತ ಅಳೆಯುವ ಒಂದು ಜೈರೊ. ಕಾಲೇಜು ಲ್ಯಾಬುಗಳಲ್ಲಿ ಜಾಸ್ತಿ ಕಾಣುವುದು ಇದೇ. ನಿಮ್ಮದು ರೋಬಾಟ್ ಕೈಯೋ ಡ್ರೋನೋ ಆಗಿದ್ದರೆ ಅಂಕಿಗಳು ಬದಲಾಗುತ್ತವೆ, ಹಂತಗಳು ಹೆಚ್ಚುಕಮ್ಮಿ ಇವೇ.

1. ಪ್ರಶ್ನೆಯನ್ನು ಒಂದು ಸಾಲಿಗೆ ಇಳಿಸಿ

"ಸರಕು ಸಾಗಿಸುವ ಬುದ್ಧಿವಂತ ರೋಬಾಟ್" ಅನ್ನುವುದು ಒಳ್ಳೆಯ ಶೀರ್ಷಿಕೆ. ಆದರೆ ಅದರಲ್ಲಿ ಪ್ರಶ್ನೆಯೇ ಇಲ್ಲ. ಹೀಗೆ ಕೇಳಿ ನೋಡಿ: "ಎನ್‌ಕೋಡರ್ ಜೊತೆ ಜೈರೊ ಸೇರಿಸಿದರೆ, ರೋಬಾಟ್ 4 ಮೀಟರ್ ಚೌಕ ಸುತ್ತಿ ಬಂದಾಗ ತಾನು ಎಲ್ಲಿದ್ದೇನೆ ಅಂತ ಹಾಕುವ ಲೆಕ್ಕದಲ್ಲಿ ತಪ್ಪು ಎಷ್ಟು ಕಡಿಮೆಯಾಗುತ್ತದೆ?" ಇದರಲ್ಲಿ ಏನನ್ನು ಬದಲಿಸುತ್ತೀರಿ, ಏನನ್ನು ಅಳೆಯುತ್ತೀರಿ, ಎಲ್ಲಿ ಅಳೆಯುತ್ತೀರಿ ಎಲ್ಲವೂ ಇದೆ.

ಪ್ರಶ್ನೆ ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ದಾರಿ ಇದೆ. ಉತ್ತರ "ಹೌದು, ಕಡಿಮೆಯಾಯಿತು" ಅಂತ ಬಂದರೂ, "ಇಲ್ಲ, ಏನೂ ವ್ಯತ್ಯಾಸ ಆಗಲಿಲ್ಲ" ಅಂತ ಬಂದರೂ ರಿಪೋರ್ಟ್ ಬರೆಯಬಹುದಾ? ಎರಡಕ್ಕೂ ಬರೆಯಬಹುದು ಅನ್ನಿಸಿದರೆ ಮುಂದೆ ಹೋಗಿ. ಒಂದೇ ಉತ್ತರ ಬಂದರೆ ಮಾತ್ರ ಬಚಾವ್ ಅನ್ನುವಂತಿದ್ದರೆ, ಆ ಉತ್ತರ ಬರುವ ಹಾಗೆ ನೀವೇ ಗೊತ್ತಿಲ್ಲದೆ ಡೇಟಾ ತಿರುಚುವ ಅಪಾಯ ಇರುತ್ತದೆ.

2. ಅಗತ್ಯಗಳ ಪಟ್ಟಿಯಲ್ಲಿ ಅಂಕಿ ಇರಲಿ

ಡಿಸೈನ್ ಕ್ಲಾಸಿನಲ್ಲಿ ಮೊದಲು ಹೇಳಿಕೊಡುವುದು ಇದನ್ನೇ, ಎಲ್ಲರೂ ಮೊದಲು ಮರೆಯುವುದೂ ಇದನ್ನೇ. "ಹಗುರವಾಗಿರಬೇಕು" ಅಂತ ಬರೆದರೆ ಯಾರೂ ಪರೀಕ್ಷಿಸಲಾಗದು. "ಬ್ಯಾಟರಿ ಸೇರಿ 3 ಕೆಜಿ ಒಳಗೆ" ಅಂದರೆ ತಕ್ಕಡಿ ತಂದು ನೋಡಬಹುದು. "ನಿಖರವಾಗಿ ನಿಲ್ಲಬೇಕು" ಅನ್ನುವ ಬದಲು "ಗುರಿಯಿಂದ 5 ಸೆಂ.ಮೀ. ಒಳಗೆ, 20 ಸಲದಲ್ಲಿ ಕನಿಷ್ಠ 18 ಸಲ" ಅನ್ನಿ. ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಹೇಗೆ ಪರೀಕ್ಷಿಸುತ್ತೀರಿ ಅಂತಲೂ ಬರೆಯಿರಿ. ಪರೀಕ್ಷೆ ಏನು ಅಂತ ಹೊಳೆಯದ ಸಾಲನ್ನು ಪಟ್ಟಿಯಿಂದ ತೆಗೆಯಿರಿ, ಇಲ್ಲವೇ ತಿದ್ದಿ. ಇರಲೇಬೇಕಾದ್ದು ಯಾವುದು, ಇದ್ದರೆ ಒಳ್ಳೆಯದು ಯಾವುದು ಅಂತ ಎರಡು ಗುಂಪು ಮಾಡಿಕೊಳ್ಳಿ. ಸಮಯ ಸಾಲದೆ ಬಂದಾಗ ಯಾವುದನ್ನು ಕೈಬಿಡಬೇಕು ಅಂತ ಜಗಳ ಆಗುವುದಿಲ್ಲ.

ಮೂರು ನಾಲ್ಕು ವಿನ್ಯಾಸಗಳಲ್ಲಿ ಒಂದನ್ನು ಆರಿಸಲು ಪ್ಯೂ ಮ್ಯಾಟ್ರಿಕ್ಸ್ ಬಳಸಿ ಅಂತ ಗೈಡ್ ಹೇಳುತ್ತಾರೆ. ಸ್ಟುವರ್ಟ್ ಪ್ಯೂ ಅನ್ನುವ ಬ್ರಿಟಿಷ್ ಡಿಸೈನ್ ಪ್ರೊಫೆಸರ್ ರೂಢಿಗೆ ತಂದ ಕೋಷ್ಟಕ ಅದು. ಒಂದು ವಿನ್ಯಾಸವನ್ನು ಆಧಾರವಾಗಿ ಇಟ್ಟುಕೊಂಡು, ಉಳಿದವು ಒಂದೊಂದು ಅಂಶದಲ್ಲಿ ಅದಕ್ಕಿಂತ ಮೇಲೋ, ಕೆಳಗೋ, ಸಮವೋ ಅಂತ ಗುರುತು ಹಾಕುವುದು. ಒಳ್ಳೆಯ ಉಪಾಯ. ಆದರೆ ಹೆಚ್ಚಿನ ತಂಡಗಳು ಮೊದಲೇ ತೀರ್ಮಾನ ಮಾಡಿಕೊಂಡು, ಆಮೇಲೆ ಕೋಷ್ಟಕ ತುಂಬುತ್ತವೆ. ಅಂಶಗಳಿಗೆ ತೂಕ ಕೊಟ್ಟಿದ್ದರೆ ಆ ತೂಕವನ್ನು ಸ್ವಲ್ಪ ಆಚೀಚೆ ಮಾಡಿ ನೋಡಿ. ಗೆದ್ದ ವಿನ್ಯಾಸವೇ ಬದಲಾಗಿಬಿಟ್ಟರೆ ಆ ಕೋಷ್ಟಕ ನಿಮಗೆ ಏನನ್ನೂ ಹೇಳಿಲ್ಲ ಅಂತ ಅರ್ಥ. ಆಗ ವಾದ ಮಾಡುವುದು ಬಿಟ್ಟು ಎರಡು ವಿನ್ಯಾಸಗಳಿಗೂ ರಟ್ಟಿನಲ್ಲಿ ಒಂದೊಂದು ಮಾದರಿ ಮಾಡಿ ನೋಡಿ.

3. ಮೋಟಾರ್ ಕೊಳ್ಳುವ ಮೊದಲು ಕಾಗದದ ಲೆಕ್ಕ

ಇದಕ್ಕೆ ಅರ್ಧ ಗಂಟೆ ಸಾಕು. ರೋಬಾಟಿನ ತೂಕ 3 ಕೆಜಿ, ಹತ್ತಬೇಕಾದ ಇಳಿಜಾರು 10 ಡಿಗ್ರಿ, ಗಾಲಿಯ ವ್ಯಾಸ 65 ಮಿ.ಮೀ. ಅಂತ ಇಟ್ಟುಕೊಳ್ಳಿ. ಇಳಿಜಾರು ಹತ್ತಲು ಬೇಕಾದ ಬಲ ಸುಮಾರು 5.1 ನ್ಯೂಟನ್. ಗಾಲಿ ಉರುಳುವಾಗಿನ ಘರ್ಷಣೆಗೆ 0.6 ಸೇರಿಸಿ. ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ ಅರ್ಧ ಮೀಟರಿನಷ್ಟು ಹೆಚ್ಚಿಸಬೇಕಾದರೆ ಇನ್ನೂ 1.5. ಒಟ್ಟು 7.2 ನ್ಯೂಟನ್. ಇದನ್ನು ಗಾಲಿಯ ತ್ರಿಜ್ಯದಿಂದ ಗುಣಿಸಿ ಎರಡು ಗಾಲಿಗೆ ಹಂಚಿದರೆ, ಒಂದೊಂದಕ್ಕೆ ಬೇಕಾದ ಟಾರ್ಕ್ (ತಿರುಗಿಸುವ ಬಲ) 0.117 ನ್ಯೂಟನ್-ಮೀಟರ್. ಮೋಟಾರ್ ಮಾರುವವರ ಭಾಷೆಯಲ್ಲಿ ಸುಮಾರು 1.2 ಕೆಜಿ-ಸೆಂ.ಮೀ. ಕ್ಷೇಮಕ್ಕೆ ಇಮ್ಮಡಿ ಮಾಡಿ: 2.4.

ಇಲ್ಲೊಂದು ಬಲೆ ಇದೆ. ಮೋಟಾರಿನ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಸ್ಟಾಲ್ ಟಾರ್ಕ್. ಅಂದರೆ ಗಾಲಿ ಅಲ್ಲಾಡದಂತೆ ಹಿಡಿದಾಗ ಸಿಗುವ ಟಾರ್ಕ್. ಆ ಮಟ್ಟದಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೋಟಾರ್ ಸುಟ್ಟು ಹೋಗುತ್ತದೆ. ಅದರ ಮೂರನೇ ಒಂದು ಭಾಗದೊಳಗೆ ಓಡಿಸಿದರೆ ನೆಮ್ಮದಿ. ಹಾಗಾಗಿ ನಿಮಗೆ 2.4 ಬೇಕಾದರೆ ಸ್ಟಾಲ್ ಟಾರ್ಕ್ 8ರ ಆಸುಪಾಸು ಇರುವ ಮೋಟಾರ್ ನೋಡಿ. ವೇಗವನ್ನೂ ಲೆಕ್ಕ ಹಾಕಿ. 65 ಮಿ.ಮೀ. ಗಾಲಿ ಒಂದು ಸುತ್ತಿಗೆ ಸುಮಾರು 204 ಮಿ.ಮೀ. ಹೋಗುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಬೇಕಾದರೆ ನಿಮಿಷಕ್ಕೆ 147 ಸುತ್ತು, ಅದೂ ಭಾರ ಹೊತ್ತುಕೊಂಡು.

ವೈವಾದಲ್ಲಿ "ಈ ಮೋಟಾರೇ ಯಾಕೆ?" ಅಂತ ಕೇಳಿದಾಗ "ಅದೇ ಸಿಕ್ಕಿತು ಸರ್" ಅನ್ನುವುದಕ್ಕೂ ಈ ಅರ್ಧ ಪುಟ ತೋರಿಸುವುದಕ್ಕೂ ಎಷ್ಟು ವ್ಯತ್ಯಾಸ ಇದೆ, ಅಲ್ವಾ?

4. ಕಟ್ಟುವಾಗಲೇ ಲಾಗ್ ಶುರು ಮಾಡಿ

ಎಲ್ಲವನ್ನೂ ಜೋಡಿಸಿ ಒಟ್ಟಿಗೆ ಸ್ವಿಚ್ ಹಾಕಬೇಡಿ. ಮೊದಲು ಗಾಲಿಗಳನ್ನು ಗಾಳಿಯಲ್ಲಿ ಎತ್ತಿಟ್ಟು ಒಂದು ಮೋಟಾರ್, ಆಮೇಲೆ ಅದರ ಎನ್‌ಕೋಡರ್, ಆಮೇಲೆ ಇನ್ನೊಂದು ಮೋಟಾರ್. ಆಮೇಲೆ ನೆಲಕ್ಕಿಳಿಸಿ.

ರೋಬಾಟ್ ಹೊರಡುವ ಕ್ಷಣದಲ್ಲೇ ಮೈಕ್ರೊಕಂಟ್ರೋಲರ್ (ಪ್ರೋಗ್ರಾಂ ನಡೆಸುವ ಬೋರ್ಡ್) ರೀಸೆಟ್ ಆಗುತ್ತಿದ್ದರೆ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಬೇಡಿ. ನಿಂತ ಮೋಟಾರ್ ಹೊರಡುವಾಗ ಒಂದು ಕ್ಷಣ ಸ್ಟಾಲ್ ಕರೆಂಟಿನಷ್ಟೇ ಎಳೆಯುತ್ತದೆ. ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ಸತ್ತು ಮತ್ತೆ ಹುಟ್ಟುತ್ತದೆ. ಬೋರ್ಡಿಗೆ ವೋಲ್ಟೇಜ್ ಒಂದೇ ಸಮ ಇಡುವ ಬೇರೆ ರೆಗ್ಯುಲೇಟರ್ ಕೊಡಿ, ಗ್ರೌಂಡ್ ಮಾತ್ರ ಎಲ್ಲದಕ್ಕೂ ಒಂದೇ ಇರಲಿ, ವೇಗವನ್ನು ಮೆಲ್ಲಗೆ ಏರಿಸಿ. ಅರ್ಧಕ್ಕರ್ಧ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಲಾಗ್ ವಿಷಯಕ್ಕೆ ಬರೋಣ. ಪ್ರತಿ ಓಟಕ್ಕೂ ಒಂದು ಫೈಲ್. ಪ್ರತಿ ಸಾಲಿನಲ್ಲೂ ಸಮಯ, ಎರಡು ಎನ್‌ಕೋಡರ್ ಎಣಿಕೆ, ಜೈರೊ ರೀಡಿಂಗ್, ಕೊಟ್ಟ ಆಜ್ಞೆ, ಬ್ಯಾಟರಿ ವೋಲ್ಟೇಜ್. ಬ್ಯಾಟರಿ ವೋಲ್ಟೇಜನ್ನು ಎಲ್ಲರೂ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಮುಂದೆ ಅದರ ಕಥೆ ಇದೆ. ಆರ್‌ಒಎಸ್ 2 ಅನ್ನುವ ರೋಬಾಟ್ ಸಾಫ್ಟ್‌ವೇರ್ ಬಳಸುವವರಿಗೆ ಎಲ್ಲವನ್ನೂ ದಾಖಲಿಸುವ ಬ್ಯಾಗ್ ಫೈಲ್ ಇದ್ದೇ ಇದೆ. ಇಲ್ಲದವರಿಗೆ ಎಸ್‌ಡಿ ಕಾರ್ಡಿಗೆ ಬರೆಯುವ ಸಾದಾ ಸಿಎಸ್‌ವಿ ಸಾಕು. ಯಾವ ಓಟಕ್ಕೆ ಪ್ರೋಗ್ರಾಮಿನ ಯಾವ ಆವೃತ್ತಿ ಇತ್ತು ಅನ್ನುವುದನ್ನೂ ಫೈಲಿನ ಮೊದಲ ಸಾಲಿನಲ್ಲಿ ಬರೆಯಿರಿ. ಗಿಟ್ ಬಳಸುತ್ತಿದ್ದರೆ ಕಮಿಟ್ ನಂಬರ್ ಸಾಕು.

5. ಕ್ಯಾಲಿಬ್ರೇಶನ್: ಇಲ್ಲಿ ನಿಧಾನವಾಗಿ ಹೋಗಿ

ಕ್ಯಾಲಿಬ್ರೇಶನ್ ಅಂದರೆ ರೋಬಾಟ್ ಹಾಕುವ ಲೆಕ್ಕವನ್ನು ನಿಜವಾದ ಅಳತೆಯ ಜೊತೆ ತಾಳೆ ನೋಡಿ ತಿದ್ದುವುದು. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನಲ್ಲಿ ಜಾಸ್ತಿ ಕಲಿಸುವ ಭಾಗ ಇದು. ಜಾಸ್ತಿ ಜನ ಹಾರಿಸಿ ಹೋಗುವ ಭಾಗವೂ ಇದೇ.

ಎನ್‌ಕೋಡರಿನ ಒಂದು ಎಣಿಕೆಗೆ ರೋಬಾಟ್ ಎಷ್ಟು ದೂರ ಹೋಗುತ್ತದೆ? ಮೋಟಾರಿನ ಒಂದು ಸುತ್ತಿಗೆ 11 ಪಲ್ಸ್, ಗೇರ್ 30ಕ್ಕೆ 1, ಎನ್‌ಕೋಡರಿನ ಎರಡೂ ಸಿಗ್ನಲ್ ಚಾನೆಲ್‌ಗಳ ಏರಿಳಿತ ಎಣಿಸಿದರೆ ನಾಲ್ಕು ಪಟ್ಟು. ಅಲ್ಲಿಗೆ ಗಾಲಿಯ ಒಂದು ಸುತ್ತಿಗೆ 1320 ಎಣಿಕೆ. ಸುತ್ತಳತೆ 204.2 ಮಿ.ಮೀ.ಯನ್ನು 1320ರಿಂದ ಭಾಗಿಸಿದರೆ 0.155 ಮಿ.ಮೀ. ಈ ಅಂಕಿ ನೋಡಿ ಹಿಗ್ಗಬೇಡಿ. ರೋಬಾಟ್ ಅಷ್ಟು ಸಣ್ಣ ದೂರವನ್ನು ಎಣಿಸಬಲ್ಲದು ಅಂತಷ್ಟೇ ಇದರ ಅರ್ಥ, ಅಷ್ಟು ನಿಖರವಾಗಿದೆ ಅಂತಲ್ಲ.

ಯಾಕೆ ಅಂದರೆ, ಗಾಲಿಗಳ ವ್ಯಾಸ ಎಂದೂ ಒಂದೇ ಸಮ ಇರುವುದಿಲ್ಲ. ಬಲಗಾಲಿ ಎಡಗಾಲಿಗಿಂತ ಬರೀ 1 ಶೇಕಡಾ ದೊಡ್ಡದು ಅಂದುಕೊಳ್ಳಿ. ಎರಡಕ್ಕೂ ಅಷ್ಟೇ ಎಣಿಕೆ ಕೊಟ್ಟು 1 ಮೀಟರ್ ಓಡಿಸಿದರೆ ಬಲಗಾಲಿ 10 ಮಿ.ಮೀ. ಹೆಚ್ಚು ಹೋಗುತ್ತದೆ. ಗಾಲಿಗಳ ನಡುವೆ 150 ಮಿ.ಮೀ. ಇದ್ದರೆ ರೋಬಾಟ್ ಸುಮಾರು 3.8 ಡಿಗ್ರಿ ಎಡಕ್ಕೆ ತಿರುಗಿರುತ್ತದೆ, 33 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಅದೇ 4 ಮೀಟರ್ ಓಡಿಸಿದರೆ? ತಿರುವು 15 ಡಿಗ್ರಿ, ಪಕ್ಕಕ್ಕೆ ಸರಿದದ್ದು ಅರ್ಧ ಮೀಟರಿಗೂ ಜಾಸ್ತಿ. ಇಷ್ಟಾದರೂ ಎನ್‌ಕೋಡರ್ ಮಾತ್ರ "ನಾನು ನೇರವಾಗಿ ಬಂದೆ" ಅನ್ನುತ್ತಲೇ ಇರುತ್ತದೆ.

ಮೊದಲು ನೇರ ಓಟ. ನೆಲಕ್ಕೆ ಟೇಪ್ ಅಂಟಿಸಿ 3 ಮೀಟರ್ ಓಡಿಸಿ, ಅಳತೆ ಟೇಪಿನಿಂದ ನಿಜವಾದ ದೂರ ಅಳೆಯಿರಿ. ಕ್ಯಾಲಿಪರಿನಿಂದ ಅಳೆದ ವ್ಯಾಸಕ್ಕೂ ಓಟದಿಂದ ಬಂದ ವ್ಯಾಸಕ್ಕೂ ತಾಳೆ ಆಗುವುದಿಲ್ಲ, ಗಾಬರಿ ಬೇಡ. ಭಾರ ಬಿದ್ದಾಗ ರಬ್ಬರ್ ಟೈರ್ ಸ್ವಲ್ಪ ಕುಗ್ಗುತ್ತದೆ. ಬ್ಯಾಟರಿ, ಬೋರ್ಡ್ ಎಲ್ಲ ಹೊರಿಸಿಯೇ ಈ ಓಟ ಮಾಡಬೇಕು ಅನ್ನುವುದು ಅದಕ್ಕೇ.

ಆಮೇಲೆ ನಿಂತಲ್ಲೇ ಸುತ್ತಿಸಿ. ಗಾಲಿಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯಬಹುದು. ಆದರೆ ಅಗಲ ಟೈರಿನ ಯಾವ ಬಿಂದು ನೆಲ ಮುಟ್ಟುತ್ತಿದೆ ಅಂತ ಹೇಳುವುದು ಕಷ್ಟ. ಹತ್ತು ಸುತ್ತು ಸುತ್ತಲು ಹೇಳಿ. ರೋಬಾಟ್ ಹತ್ತು ಆಯಿತು ಅಂದುಕೊಂಡಾಗ ನಿಜದಲ್ಲಿ ಒಂಬತ್ತು ಮುಕ್ಕಾಲು ಆಗಿದ್ದರೆ, ಅಂತರವನ್ನು 10/9.75ರಿಂದ ಗುಣಿಸಿ. 150 ಇದ್ದದ್ದು 153.8 ಆಗುತ್ತದೆ. ಒಂದು ಸುತ್ತಿಗೆ ಮಾಡಿದರೆ ಕಣ್ಣಳತೆಯ ತಪ್ಪೇ ದೊಡ್ಡದಾಗುತ್ತದೆ, ಹತ್ತಕ್ಕೆ ಹಂಚಿದರೆ ಅದು ಸಣ್ಣದಾಗುತ್ತದೆ.

ಕೊನೆಗೆ ಚೌಕ. 1990ರ ದಶಕದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಯೋಹಾನ್ ಬೋರೆನ್‌ಸ್ಟೈನ್ ಮತ್ತು ಲಿಕಿಯಾಂಗ್ ಫೆಂಗ್ ರೂಪಿಸಿದ ಪರೀಕ್ಷೆ ಇದು. ಯುಎಂಬಿಮಾರ್ಕ್ ಅಂತ ಹೆಸರು. 4 ಮೀಟರ್ ಬದಿಯ ಚೌಕವನ್ನು ರೋಬಾಟ್ ಗಡಿಯಾರದ ದಿಕ್ಕಿನಲ್ಲಿ ಐದು ಸಲ, ವಿರುದ್ಧ ದಿಕ್ಕಿನಲ್ಲಿ ಐದು ಸಲ ಸುತ್ತಬೇಕು. ಪ್ರತಿ ಸಲ ಹೊರಟ ಜಾಗಕ್ಕೆ ಬಂದು ನಿಂತಾಗ ನಿಜದಲ್ಲಿ ಎಲ್ಲಿದೆ ಅಂತ ಗುರುತು ಹಾಕಬೇಕು. ಲ್ಯಾಬಿನಲ್ಲಿ ಜಾಗ ಇಲ್ಲದಿದ್ದರೆ ಚಿಕ್ಕ ಚೌಕ ಮಾಡಿ, ಆದರೆ ಅಳತೆಯನ್ನು ರಿಪೋರ್ಟಿನಲ್ಲಿ ಹೇಳಿ.

ಎರಡೂ ದಿಕ್ಕು ಯಾಕೆ ಬೇಕು ಅನ್ನುವುದರಲ್ಲೇ ಇದರ ಜಾಣತನ ಇದೆ. ಗಾಲಿ ಅಂತರ ತಪ್ಪಾಗಿದ್ದರೆ ಮೂಲೆಗಳಲ್ಲಿ ತಿರುವು 90 ಡಿಗ್ರಿಗಿಂತ ಹೆಚ್ಚೋ ಕಮ್ಮಿಯೋ ಆಗುತ್ತದೆ. ಗಾಲಿಗಳ ವ್ಯಾಸ ಬೇರೆ ಬೇರೆ ಇದ್ದರೆ ನೇರ ದಾರಿಗಳು ಬಾಗುತ್ತವೆ. ಒಂದು ದಿಕ್ಕಿನಲ್ಲಿ ಸುತ್ತಿದಾಗ ಈ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ, ರೋಬಾಟ್ ಹೊರಟಲ್ಲಿಗೇ ಬಂದು ನಿಲ್ಲಬಹುದು. ನೀವು ಚಪ್ಪಾಳೆ ತಟ್ಟುತ್ತೀರಿ. ವಿರುದ್ಧ ದಿಕ್ಕಿನಲ್ಲಿ ಬಿಟ್ಟರೆ ಅದೇ ಎರಡು ತಪ್ಪುಗಳು ಸೇರಿಕೊಂಡು ರೋಬಾಟ್ ಎಲ್ಲೋ ಹೋಗಿರುತ್ತದೆ.

ಗುರುತು ಹಾಕುವ ಕೆಲಸ ಹೀಗೆ ಮಾಡಿ. ಎರಡು ಗಾಲಿಗಳ ನಟ್ಟನಡುವೆ, ಚಾಸಿಸ್ ಕೆಳಗೆ, ನೆಲಕ್ಕೆ ತಾಗೀತಾಗದ ಹಾಗೆ ಒಂದು ಸೂಜಿ ಇಳಿಬಿಡಿ. ಹೊರಡುವ ಮೂಲೆಯಲ್ಲಿ ಗ್ರಾಫ್ ಹಾಳೆ ಅಂಟಿಸಿ. ರೋಬಾಟ್ ಬಂದು ನಿಂತಾಗ ಸೂಜಿಯ ಮೊನೆ ಎಲ್ಲಿದೆಯೋ ಅಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟು ಓಟದ ನಂಬರ್ ಬರೆಯಿರಿ. ಹತ್ತೂ ಓಟ ಮುಗಿದ ಮೇಲೆ ಹಾಳೆಯಲ್ಲಿ ಎರಡು ಗುಂಪು ಚುಕ್ಕಿಗಳು ಕಾಣುತ್ತವೆ. ಒಂದೊಂದು ಗುಂಪಿನ ನಡುಬಿಂದು ಹೊರಟ ಜಾಗದಿಂದ ಎಷ್ಟು ದೂರ ಇದೆಯೋ ಅದು ನಿಮ್ಮ ರೋಬಾಟಿನ ಖಾಯಂ ತಪ್ಪು, ಅದನ್ನು ತಿದ್ದಬಹುದು. ಗುಂಪಿನೊಳಗೆ ಚುಕ್ಕಿಗಳು ಎಷ್ಟು ಚದುರಿವೆಯೋ ಅದು ನೆಲದ ಜಾರುವಿಕೆ, ಧೂಳು, ಉಬ್ಬುತಗ್ಗುಗಳಿಂದ ಬಂದದ್ದು, ಯಾವ ಸೂತ್ರಕ್ಕೂ ಬಗ್ಗುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಬಯಾಸ್, ವೇರಿಯನ್ಸ್ ಅಂತ ಬೋರ್ಡಿನ ಮೇಲೆ ಬರೆದದ್ದು ಇವನ್ನೇ. ತಿದ್ದುಪಡಿ ಮಾಡಿ ಇನ್ನೊಂದು ಹಾಳೆಯಲ್ಲಿ ಮತ್ತೆ ಹತ್ತು ಓಟ ಮಾಡಿ. ಗುಂಪುಗಳು ನಡುವಿಗೆ ಸರಿಯುತ್ತವೆ, ಚದುರಿದ್ದು ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಈ ಎರಡು ಹಾಳೆಗಳ ಫೋಟೊವನ್ನೇ ರಿಪೋರ್ಟಿಗೆ ಹಾಕಿ.

ಜೈರೊಗೂ ಒಂದು ಕೆಲಸ ಇದೆ. ಸುಮ್ನೆ ನಿಂತಿದ್ದರೂ ಅದು ಸೊನ್ನೆ ತೋರಿಸುವುದಿಲ್ಲ. ಪ್ರತಿ ಓಟದ ಮೊದಲು ಕೆಲವು ಸೆಕೆಂಡ್ ಅಲ್ಲಾಡದೆ ನಿಲ್ಲಿಸಿ, ಆ ಹೊತ್ತಿನ ಸರಾಸರಿಯನ್ನು ಮುಂದಿನ ರೀಡಿಂಗುಗಳಿಂದ ಕಳೆಯಿರಿ. ಬಿಸಿ ಏರಿದಂತೆ ಅದು ಬದಲಾಗುತ್ತದೆ. ಬೆಳಗ್ಗೆ ತೆಗೆದ ಸರಾಸರಿಯನ್ನು ಸಂಜೆಯವರೆಗೂ ನಂಬಬೇಡಿ.

6. ಪ್ರಯೋಗದ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ

ಎರಡು ಕಂಟ್ರೋಲರ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ನೋಡಬೇಕು. ಕಂಟ್ರೋಲರ್ ಅಂದರೆ ಇಲ್ಲಿ ಮೋಟಾರಿಗೆ ಎಷ್ಟು ಆಜ್ಞೆ ಕೊಡಬೇಕು ಅಂತ ನಿರ್ಧರಿಸುವ ಪ್ರೋಗ್ರಾಂ. ಮೊದಲನೆಯದನ್ನು ಹತ್ತು ಸಲ ಓಡಿಸಿದಿರಿ, ಆಮೇಲೆ ಎರಡನೆಯದನ್ನು ಹತ್ತು ಸಲ. ಎರಡನೆಯದು ನಿಧಾನವಾಯಿತು. ಅದು ಕಂಟ್ರೋಲರಿನ ತಪ್ಪೋ, ಬ್ಯಾಟರಿ ಇಳಿದದ್ದರ ತಪ್ಪೋ? ಮೂರು ಸೆಲ್‌ಗಳ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತುಂಬಿದಾಗ 12.6 ವೋಲ್ಟ್ ಇರುತ್ತದೆ, ಓಡುತ್ತಾ ಓಡುತ್ತಾ 11ರ ಹತ್ತಿರ ಬರುತ್ತದೆ. ಅದೇ ಆಜ್ಞೆಗೆ ಮೋಟಾರ್ ಅಷ್ಟು ಮೆಲ್ಲಗೆ ತಿರುಗುತ್ತದೆ. ವೋಲ್ಟೇಜ್ ಲಾಗ್ ಮಾಡಿ ಅಂದದ್ದು ಇದಕ್ಕೇ.

ಈ ತೊಡಕನ್ನು ಮೊದಲು ಗಂಭೀರವಾಗಿ ತೆಗೆದುಕೊಂಡದ್ದು ಹೊಲದಲ್ಲಿ. 1919ರಲ್ಲಿ ರೊನಾಲ್ಡ್ ಫಿಶರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದರು. ಒಂದು ಗೊಬ್ಬರ ಇನ್ನೊಂದಕ್ಕಿಂತ ಒಳ್ಳೆಯದಾ ಅಂತ ನೋಡಬೇಕಾದರೆ ಹೊಲದ ಮಣ್ಣೇ ಮೂಲೆಯಿಂದ ಮೂಲೆಗೆ ಬೇರೆ. ಯಾವ ತುಂಡಿಗೆ ಯಾವ ಗೊಬ್ಬರ ಅನ್ನುವುದನ್ನು ಮನಸ್ಸಿಗೆ ಬಂದಂತೆ ಆರಿಸದೆ ಲಾಟರಿಯಂತೆ ಹಂಚಿ ಅಂದರು ಅವರು. ಒಂದೇ ಥರದ ತುಂಡುಗಳನ್ನು ಗುಂಪು ಮಾಡಿ, ಆ ಗುಂಪಿನೊಳಗೆ ಹೋಲಿಸಿ ಅಂದರು. ನಿಮ್ಮ ಲ್ಯಾಬಿನಲ್ಲಿ ಮಣ್ಣಿನ ಜಾಗದಲ್ಲಿ ಬ್ಯಾಟರಿ ಇದೆ, ಅಷ್ಟೇ.

ಮಾಡುವ ವಿಧಾನ: ಒಂದು ಚಾರ್ಜಿಗೆ ನಾಲ್ಕು ಓಟ ಅಂತ ಇಟ್ಟುಕೊಳ್ಳಿ. ಪ್ರತಿ ಚಾರ್ಜಿನಲ್ಲೂ ಎರಡು ಓಟ ಮೊದಲ ಕಂಟ್ರೋಲರಿಗೆ, ಎರಡು ಎರಡನೆಯದಕ್ಕೆ. ಕ್ರಮ ಮಾತ್ರ ಚೀಟಿ ಎತ್ತಿ. ಹಿಂದಿನ ದಿನವೇ ಪಟ್ಟಿ ಬರೆದು ಗೋಡೆಗೆ ಅಂಟಿಸಿ, ಅದನ್ನು ಮೀರಬೇಡಿ.

ಒಂದಕ್ಕಿಂತ ಹೆಚ್ಚು ಅಂಶಗಳಿದ್ದರೆ "ಒಂದು ಸಲಕ್ಕೆ ಒಂದನ್ನೇ ಬದಲಿಸು" ಅನ್ನುವ ಶಾಲೆಯ ನಿಯಮ ಇಲ್ಲಿ ಕೈಕೊಡುತ್ತದೆ. ವೇಗ ಹೆಚ್ಚಿಸಿದಾಗ ಒರಟು ನೆಲದಲ್ಲಿ ಏನೂ ಆಗದೆ ನುಣುಪು ನೆಲದಲ್ಲಿ ಮಾತ್ರ ಗಾಲಿ ಜಾರಬಹುದು. ಎರಡನ್ನೂ ಸೇರಿಸಿ ನೋಡದಿದ್ದರೆ ಇದು ಕಾಣುವುದೇ ಇಲ್ಲ. ಮೂರು ಅಂಶ, ಒಂದೊಂದಕ್ಕೆ ಎರಡು ಮಟ್ಟ ಇದ್ದರೆ ಒಟ್ಟು 8 ಜೋಡಣೆಗಳು. ಎಂಟನ್ನೂ ಮಾಡಿ, ಆಗುವುದಾದರೆ ಎರಡೆರಡು ಸಲ.

7. ಎಷ್ಟು ಸಲ ಓಡಿಸಬೇಕು?

ಗೈಡ್ ಹತ್ತಿರ ಎಲ್ಲರೂ ಕೇಳುವ ಪ್ರಶ್ನೆ. ಒಂದೇ ಉತ್ತರ ಇಲ್ಲ, ಆದರೆ ಲೆಕ್ಕ ಹಾಕಬಹುದು.

ರೋಬಾಟ್ 20ಕ್ಕೆ 20 ಸಲ ಗೆದ್ದಿತು. ಸೋಲೇ ಇಲ್ಲ ಅನ್ನಬಹುದಾ? ಸ್ಟ್ಯಾಟಿಸ್ಟಿಕ್ಸಿನಲ್ಲಿ "ಮೂರರ ನಿಯಮ" ಅಂತ ಒಂದಿದೆ. ಒಮ್ಮೆಯೂ ಸೋಲದಿದ್ದರೆ, 3ನ್ನು ಓಟಗಳ ಸಂಖ್ಯೆಯಿಂದ ಭಾಗಿಸಿ. 20 ಓಟಕ್ಕೆ ಅದು 15 ಶೇಕಡಾ. ಅಂದರೆ ಸೋಲಿನ ಪ್ರಮಾಣ 15 ಶೇಕಡಾದವರೆಗೂ ಇರಬಹುದು, ಅದನ್ನು 95 ಶೇಕಡಾ ಭರವಸೆಯಿಂದ ತಳ್ಳಿಹಾಕಲು ನಿಮ್ಮ ಡೇಟಾ ಸಾಲದು. ಸೋಲು 1 ಶೇಕಡಾಕ್ಕಿಂತ ಕಡಿಮೆ ಅಂತ ಹೇಳಿಕೊಳ್ಳಬೇಕಾದರೆ 300 ಓಟ ಬೇಕು.

ಇನ್ನೊಂದು. ಹೊಸ ವಿಧಾನ 20ರಲ್ಲಿ 17 ಸಲ ಗೆದ್ದಿತು, ಹಳೆಯದು 15 ಸಲ. "ನಮ್ಮದು 10 ಶೇಕಡಾ ಮೇಲು" ಅಂತ ಬರೆಯಲು ಕೈ ತುರಿಸುತ್ತದೆ. 95 ಶೇಕಡಾ ವ್ಯಾಪ್ತಿಯನ್ನು, ಅಂದರೆ ನಿಜವಾದ ಗೆಲುವಿನ ಪ್ರಮಾಣ ಇರಬಹುದಾದ ಮಿತಿಗಳನ್ನು, ವಿಲ್ಸನ್ ವಿಧಾನದಲ್ಲಿ ಲೆಕ್ಕ ಹಾಕಿದರೆ ಮೊದಲನೆಯದು 64ರಿಂದ 95 ಶೇಕಡಾ, ಎರಡನೆಯದು 53ರಿಂದ 89. ಎರಡೂ ಒಂದರ ಮೇಲೊಂದು ಹೊದ್ದು ಮಲಗಿವೆ. ಈ ಡೇಟಾದಿಂದ ಯಾವುದು ಮೇಲು ಅಂತ ಹೇಳಲಾಗದು. ಹಾಗೆ ಬರೆದರೆ ಅಂಕ ಹೋಗುವುದಿಲ್ಲ. ಪರೀಕ್ಷಕರು ತಿಳಿದವರಾಗಿದ್ದರೆ ಜಾಸ್ತಿಯೇ ಕೊಡುತ್ತಾರೆ.

ಗೆಲುವು-ಸೋಲಿನ ಬದಲು ಸೆಂಟಿಮೀಟರಿನಲ್ಲಿ ತಪ್ಪನ್ನು ಅಳೆದರೆ ಕಡಿಮೆ ಓಟಗಳಲ್ಲೇ ಹೆಚ್ಚು ತಿಳಿಯುತ್ತದೆ. ಹತ್ತು ಓಟಗಳ ಸರಾಸರಿ ತಪ್ಪು 12 ಸೆಂ.ಮೀ., ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯ ಸುತ್ತ ಎಷ್ಟು ಚದುರಿವೆ ಅನ್ನುವ ಅಳತೆ) 4 ಅಂತ ಇಟ್ಟುಕೊಳ್ಳಿ. 4ನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 1.26. ಇದನ್ನು 2.26ರಿಂದ ಗುಣಿಸಿದರೆ ಸುಮಾರು 2.9. ಹಾಗಾಗಿ ನಿಜವಾದ ಸರಾಸರಿ 9.1ರಿಂದ 14.9ರೊಳಗೆ ಅಂತ ಬರೆಯಬಹುದು. 95 ಶೇಕಡಾ ಭರವಸೆಗೆ ಪುಸ್ತಕದಲ್ಲಿ ಕಾಣುವ 1.96 ಯಾಕಲ್ಲ, 2.26 ಯಾಕೆ? ಓಟಗಳು ಕಡಿಮೆ ಇದ್ದಾಗ ಸ್ಟ್ಯಾಂಡರ್ಡ್ ಡೀವಿಯೇಶನ್ನೇ ಅಂದಾಜಿನದು, ಅದಕ್ಕೆ ದಂಡ ಕಟ್ಟಬೇಕು. ಐದೇ ಓಟ ಇದ್ದರೆ ಅದು 2.78 ಆಗುತ್ತದೆ. ಈ ದಂಡವನ್ನು ಲೆಕ್ಕ ಹಾಕಿಕೊಟ್ಟವರು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗೊಸೆಟ್. 1908ರಲ್ಲಿ "ಸ್ಟೂಡೆಂಟ್" ಅನ್ನುವ ಗುಪ್ತನಾಮದಲ್ಲಿ ಪ್ರಕಟಿಸಿದರು, ಸರಾಸರಿಗಳ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ನೋಡುವ ಟಿ-ಟೆಸ್ಟಿಗೆ ಇವತ್ತಿಗೂ ಅದೇ ಹೆಸರು. ವ್ಯಾಪ್ತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಸುಮಾರು ನಾಲ್ಕು ಪಟ್ಟು ಓಟ ಬೇಕು ಅನ್ನುವುದನ್ನೂ ಗಮನದಲ್ಲಿಡಿ. ಕಾರ್ಖಾನೆಯ ರೋಬಾಟ್ ಕೈಗಳನ್ನು ಪರೀಕ್ಷಿಸುವ ಐಎಸ್‌ಒ 9283 ಮಾನದಂಡ ಒಂದೇ ಜಾಗಕ್ಕೆ 30 ಸಲ ಹೋಗಿ ಬರಲು ಹೇಳುತ್ತದೆ. ಸೆಮಿಸ್ಟರ್ ಪ್ರಾಜೆಕ್ಟಿಗೆ ಅದನ್ನು ಮೇಲಿನ ಗುರಿಯಾಗಿ ಇಟ್ಟುಕೊಳ್ಳಬಹುದು.

ಓಟಗಳನ್ನು ಉಳಿಸುವ ಒಂದು ಉಪಾಯವೂ ಇದೆ. ನಮ್ಮ ಪ್ರಶ್ನೆ ಏನಿತ್ತು? ಎನ್‌ಕೋಡರ್ ಒಂದೇ, ಇಲ್ಲ ಎನ್‌ಕೋಡರ್ ಜೊತೆ ಜೈರೊ. ಎರಡು ಲೆಕ್ಕವನ್ನೂ ಒಂದೇ ಓಟದ ಲಾಗಿನಿಂದ ಹಾಕಬಹುದು! ಅದೇ ನೆಲ, ಅದೇ ಬ್ಯಾಟರಿ, ಅದೇ ಜಾರುವಿಕೆ. ಪ್ರತಿ ಓಟಕ್ಕೂ ಎರಡು ತಪ್ಪುಗಳ ವ್ಯತ್ಯಾಸ ತೆಗೆದು, ಆ ವ್ಯತ್ಯಾಸಗಳ ಮೇಲೆ ಟಿ-ಟೆಸ್ಟ್ ಮಾಡಿ. ಒಂದು ಎಚ್ಚರಿಕೆ ಇದೆ. ಆ ಲೆಕ್ಕವನ್ನೇ ನಂಬಿ ರೋಬಾಟ್ ದಾರಿ ಹಿಡಿಯುತ್ತಿದ್ದರೆ ಈ ಉಪಾಯ ನಡೆಯದು, ಯಾಕೆಂದರೆ ಲೆಕ್ಕ ಬದಲಾದರೆ ದಾರಿಯೂ ಬದಲಾಗುತ್ತದೆ.

ಇಷ್ಟೆಲ್ಲ ಮಾಡಿದವರೂ ಬೀಳುವ ಗುಂಡಿ ಇನ್ನೊಂದಿದೆ. ಸೆನ್ಸರ್ ಸೆಕೆಂಡಿಗೆ 50 ರೀಡಿಂಗ್ ಕೊಡುತ್ತದೆ, ಹತ್ತು ಸೆಕೆಂಡಿಗೆ 500. ಎಕ್ಸೆಲ್ ಶೀಟಿನಲ್ಲಿ 500 ಸಾಲು ನೋಡಿ ಸ್ಯಾಂಪಲ್ 500 ಅಂತ ಬರೆಯುತ್ತಾರೆ. ಆ 500 ರೀಡಿಂಗ್ ಒಂದೇ ಓಟದವು. ಒಂದು ರೀಡಿಂಗ್ ತಪ್ಪಿದ್ದರೆ ಪಕ್ಕದ್ದೂ ಅದೇ ಕಡೆಗೆ ತಪ್ಪಿರುತ್ತದೆ. ನಿಮ್ಮ ಸ್ಯಾಂಪಲ್ ಒಂದು. ಓಟಗಳನ್ನು ಎಣಿಸಿ, ಸಾಲುಗಳನ್ನಲ್ಲ.

8. ಕೆಟ್ಟ ಓಟವನ್ನು ಅಳಿಸಬೇಡಿ

ಗಾಲಿಗೆ ವೈರ್ ಸಿಕ್ಕಿಕೊಂಡಿತು, ಯಾರೋ ಟೇಬಲ್ ತಳ್ಳಿದರು. ಇಂಥ ಓಟವನ್ನು ಬಿಡಬಹುದಾ? ಯಾವ ಕಾರಣಕ್ಕೆ ಬಿಡುತ್ತೀರಿ ಅಂತ ಓಟಕ್ಕೆ ಮೊದಲೇ ಬರೆದಿಟ್ಟಿದ್ದರೆ ಬಿಡಬಹುದು. ರಿಸಲ್ಟ್ ನೋಡಿದ ಮೇಲೆ "ಇದು ಸರಿಯಿಲ್ಲ" ಅನ್ನಿಸಿ ಬಿಡುವುದು ಕಳ್ಳಾಟ. ಬಿಟ್ಟ ಓಟಗಳನ್ನೂ ಕಾರಣ ಸಮೇತ ಒಂದು ಕೋಷ್ಟಕದಲ್ಲಿ ತೋರಿಸಿ. ಸೆನ್ಸರ್ ರೀಡಿಂಗುಗಳನ್ನು ಬೆರೆಸಿ ರೋಬಾಟ್ ಎಲ್ಲಿದೆ ಅಂತ ಅಂದಾಜು ಹಾಕುವ ಫಿಲ್ಟರಿನೊಳಗೆ ತಪ್ಪು ರೀಡಿಂಗನ್ನು ಕೈಬಿಡುವುದು ಬೇರೆ ವಿಷಯ, ಅದಕ್ಕೆ ನಿಯಮ ಪ್ರೋಗ್ರಾಮಿನಲ್ಲೇ ಇರುತ್ತದೆ. ಅಂಥ ಒಂದು ಫಿಲ್ಟರಾದ ಕಾಲ್ಮನ್ ಫಿಲ್ಟರ್ ಬರೆಯುವವರು ಆ ಕೆಲಸಕ್ಕೆ ಬಳಸುವ ಅಳತೆ ಮಹಾಲನೋಬಿಸ್ ದೂರ, ಅಂದರೆ ಸಹಜ ಚದುರುವಿಕೆಗೆ ಹೋಲಿಸಿದರೆ ರೀಡಿಂಗ್ ನಿರೀಕ್ಷೆಯಿಂದ ಎಷ್ಟು ದೂರ ಇದೆ ಅನ್ನುವುದು. ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಪಿ.ಸಿ. ಮಹಾಲನೋಬಿಸ್ 1936ರಲ್ಲಿ ಕೊಟ್ಟದ್ದು. ರೋಬಾಟುಗಳ ಕಾಲಕ್ಕಿಂತ ಎಷ್ಟೋ ಮೊದಲು!

ಸೋಲುಗಳನ್ನು ವಿಂಗಡಿಸಿ. ಜಾರಿದ್ದು ಎಷ್ಟು, ವೋಲ್ಟೇಜ್ ಕುಸಿದದ್ದು ಎಷ್ಟು, ಪ್ರೋಗ್ರಾಂ ನಿಂತದ್ದು ಎಷ್ಟು. ಮುಂದಿನ ಸಲ ಏನನ್ನು ಮೊದಲು ಸರಿಪಡಿಸಬೇಕು ಅಂತ ಆ ಪಟ್ಟಿಯೇ ಹೇಳುತ್ತದೆ.

ಸಿಮ್ಯುಲೇಶನ್ ಬಗ್ಗೆ ಒಂದು ಮಾತು. ಗೆಜೀಬೊ ಅನ್ನುವ ಸಿಮ್ಯುಲೇಟರಿನಲ್ಲಿ ಸಾವಿರ ಓಟ ಸುಲಭ, ತರ್ಕದ ತಪ್ಪು ಹಿಡಿಯಲು ಬಹಳ ಒಳ್ಳೆಯದು. ಆದರೆ ಅಲ್ಲಿನ ಗಾಲಿಗಳು ನೀವು ಹೇಳಿದಷ್ಟೇ ವ್ಯಾಸದವು. ಸಿಮ್ಯುಲೇಶನ್ ಅಂಕಿಯನ್ನೂ ನೆಲದ ಮೇಲಿನ ಅಂಕಿಯನ್ನೂ ಒಂದೇ ಗ್ರಾಫಿನಲ್ಲಿ ಬೆರೆಸಬೇಡಿ.

9. ರಿಪೋರ್ಟ್ ಬರೆಯುವಾಗ

ಮೂವತ್ತು ಓಟಕ್ಕಿಂತ ಕಡಿಮೆ ಇದ್ದರೆ ಬಾರ್ ಚಾರ್ಟ್ ಬೇಡ, ಪ್ರತಿ ಓಟಕ್ಕೂ ಒಂದು ಚುಕ್ಕಿ ಹಾಕಿ. ಸರಾಸರಿ ಹೇಳುವಲ್ಲೆಲ್ಲ ವ್ಯಾಪ್ತಿಯನ್ನೂ ಓಟಗಳ ಸಂಖ್ಯೆಯನ್ನೂ ಹೇಳಿ. ಎರಡನೇ ಹಂತದ ಅಗತ್ಯಗಳ ಪಟ್ಟಿಯನ್ನು ಮತ್ತೆ ತಂದು ಪ್ರತಿ ಸಾಲಿನ ಮುಂದೆ ಆಯಿತು, ಆಗಲಿಲ್ಲ ಅಂತ ಬರೆಯಿರಿ. ಆಗದಿದ್ದದ್ದನ್ನು ಮುಚ್ಚಿಡಬೇಡಿ. ವೈವಾದಲ್ಲಿ ಅದನ್ನೇ ಕೇಳುತ್ತಾರೆ, ನೀವೇ ಮೊದಲು ಹೇಳಿದರೆ ಮಾತು ನಿಮ್ಮ ಕೈಯಲ್ಲಿರುತ್ತದೆ. ಎನ್‌ಕೋಡರ್ 0.155 ಮಿ.ಮೀ. ಎಣಿಸುತ್ತದೆ ಅಂತ ತಪ್ಪನ್ನು 12.347 ಸೆಂ.ಮೀ. ಅಂತ ಬರೆಯಬೇಡಿ. ಅಳೆದದ್ದು ಪೆನ್ಸಿಲ್ ಚುಕ್ಕಿಯಿಂದ, 12.3 ಸಾಕು.

ಓದುವ ಪೇಪರುಗಳ ವಿಷಯ ಕೇಳುವವರಿಗೆ: ಲೀನಿಯರ್ ಆಲ್ಜಿಬ್ರಾ ಮತ್ತು ಪ್ರಾಬಬಿಲಿಟಿ ಮುಗಿಯದೆ ಕಾಲ್ಮನ್ ಫಿಲ್ಟರಿಗೆ ಕೈ ಹಾಕಿದರೆ ಸುಮ್ನೆ ಕೋಡ್ ನಕಲು ಮಾಡುತ್ತೀರಿ. ಕಂಟ್ರೋಲ್ ಪೇಪರ್ ಇನ್ನೂ ಬಾರದಿದ್ದರೂ ಪಿಐಡಿ (ತಪ್ಪು ನೋಡಿ ಆಜ್ಞೆಯನ್ನು ತಿದ್ದುತ್ತಾ ಹೋಗುವ ಕಂಟ್ರೋಲರ್) ಶುರು ಮಾಡಬಹುದು, ಅದರ ಅಂಕಿಗಳನ್ನು ಕೈಯಲ್ಲಿ ಆಚೀಚೆ ಮಾಡುತ್ತಲೇ ಅರ್ಥ ಆಗುತ್ತದೆ. ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್ ಆಯ್ಕೆಯ ಪೇಪರಾಗಿ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಕೊನೆಯ ಪರೀಕ್ಷೆ ನಿಮ್ಮ ರಿಪೋರ್ಟಿಗೇ. ಪ್ರಾಜೆಕ್ಟಿನಲ್ಲಿ ಇಲ್ಲದ ಒಬ್ಬ ಕ್ಲಾಸ್‌ಮೇಟಿಗೆ ರೋಬಾಟ್, ಡೇಟಾ, ನೀವು ಬರೆದ ಸೂಚನೆ ಮೂರನ್ನೂ ಕೊಟ್ಟು, ಒಂದು ಓಟ ಮಾಡಿ ಒಂದು ಗ್ರಾಫ್ ತೆಗೆಯಲು ಹೇಳಿ. ನೀವು ಪಕ್ಕದಲ್ಲಿ ಕೂತು ಬಾಯಿ ಬಿಡಬಾರದು. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ. ಮುಂದಿನ ಬ್ಯಾಚಿನವರು ನಿಮ್ಮ ರೋಬಾಟಿನ ಮೇಲೆ ಕೆಲಸ ಮುಂದುವರಿಸುವುದು ಈ ಸೂಚನೆ ಓದಿಕೊಂಡೇ. ಒಪ್ಪಿಸುವ ಮೊದಲು ಲಿಪೊ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿಯೂ ಬಿಡಬೇಡಿ. ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿಗೆ ತಂದು, ರೋಬಾಟಿನಿಂದ ಬಿಚ್ಚಿ ಬೇರೆ ಇಡಿ, ತಾರೀಕು ಬರೆದ ಚೀಟಿ ಅಂಟಿಸಿ.